ಯುಡಿಐಡಿ ತಪಾಸಣೆ ಮತ್ತು ಆಮೇಲಿನ ಕಾಯುವಿಕೆ: ಒಬ್ಬ ಟೈಲರ್ ಕೊಟ್ಟ ಸ್ಟಾರ್

ಯುಡಿಐಡಿ ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡು. ಅದಕ್ಕಾಗಿ ಆಸ್ಪತ್ರೆಯಲ್ಲಿ ಆಗುವ ತಪಾಸಣೆಗೆ ಐದರಲ್ಲಿ ನಾಲ್ಕು. ತಪಾಸಣೆ ಮುಗಿದ ಮೇಲಿನ ಕಾಯುವಿಕೆಗೆ ಒಂದು, ಅದೂ ನಮ್ಮ ತಾಲ್ಲೂಕು ಪಂಚಾಯಿತಿಯಲ್ಲಿ ಕೂರುವ ಒಬ್ಬರ ಮುಖ ನೋಡಿ. ಮಿಕ್ಸಿಗೆ, ಬಿರಿಯಾನಿಗೆ, ಸೀರೆ ಅಂಗಡಿಗೆಲ್ಲ ಸ್ಟಾರ್ ಕೊಡುತ್ತೇವೆ. ಸರ್ಕಾರಿ ಸೇವೆ ಅಂದರೆ ಮಾತ್ರ ಒಂದು ಸಲ ಬೈದು ಸುಮ್ಮನಾಗುತ್ತೇವೆ. ಎಲ್ಲಿ ಚೆನ್ನಾಗಿತ್ತು, ಎಲ್ಲಿ ಕೆಟ್ಟಿತು ಅಂತ ಬಿಡಿಸಿ ಹೇಳೋಣ ಅಂತ ಬರೆಯುತ್ತಿದ್ದೇನೆ. ಎಡಗೈಯಲ್ಲಿ ಮೊಬೈಲ್ ಒತ್ತುತ್ತಿದ್ದೇನೆ, ಅಕ್ಷರ ಆಚೀಚೆ ಆಗಿದ್ದರೆ ಸಹಿಸಿಕೊಳ್ಳಿ.

ನನ್ನದು ಬ್ಲೌಸ್ ಹೊಲಿಯುವ ಕಸುಬು. ಬೈಕಿನ ಹಿಂದೆ ಕೂತು ಹೋಗುವಾಗ ಬಿದ್ದು ಬಲ ಭುಜದ ನರಕ್ಕೆ ಪೆಟ್ಟಾಯಿತು. ಕೈ ಎತ್ತಿದರೆ ಭುಜದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹೆಬ್ಬೆರಳು ಕಿರುಬೆರಳನ್ನು ಮುಟ್ಟುವುದಿಲ್ಲ. ಮಷಿನ್ ತುಳಿಯಲು ಕಾಲಿದೆ, ಬಟ್ಟೆ ತಳ್ಳಲು ಎಡಗೈ ಕಲಿತಿದೆ, ಆದರೆ ಕತ್ತರಿ ಹಿಡಿಯುವ ಕೈ ಹೋಯಿತು. ಕಟಿಂಗಿಗೆ ಈಗ ಒಬ್ಬ ಹುಡುಗಿ ಬರುತ್ತಾಳೆ, ಕೂಲಿಯಲ್ಲಿ ಅವಳಿಗೊಂದು ಪಾಲು.

ಅಂಗವಿಕಲ ವೇತನಕ್ಕೆ ಅರ್ಜಿ ಹಾಕು ಅಂತ ಎಲ್ಲರೂ ಹೇಳುವವರೇ. ಅದು ಹೇಗೆ ಅಂತ ಹೇಳುವವರು ಇರಲಿಲ್ಲ. ಮೊದಲು ವೈಕಲ್ಯ ಎಷ್ಟು ಪರ್ಸೆಂಟು ಅಂತ ಬರೆದ ಸರ್ಟಿಫಿಕೇಟ್ ಬೇಕು. 2021ರ ಜೂನ್ 1ರಿಂದ ಅದನ್ನು ಯುಡಿಐಡಿ ಪೋರ್ಟಲ್ ಮೂಲಕವೇ ಕೊಡಬೇಕು ಅಂತಾಗಿದೆ. ಹಿಂದಿನ ಹಾಗೆ ಆಸ್ಪತ್ರೆಯಲ್ಲಿ ಪುಸ್ತಕದ ಹಾಳೆ ಹರಿದು ಸೀಲು ಒತ್ತಿ ಕೊಡುವ ಕಾಲ ಹೋಯಿತು. ಆಧಾರ್, ಫೋಟೊ, ಸಹಿ ಹಾಕಿ ಯಾವ ಆಸ್ಪತ್ರೆ ಅಂತ ಆರಿಸಿದರೆ ಒಂದು ನೋಂದಣಿ ಸಂಖ್ಯೆ ಬರುತ್ತದೆ. ಇದನ್ನು ನಮ್ಮ ತಾಲ್ಲೂಕಿನ ಎಂಆರ್‌ಡಬ್ಲ್ಯು ಸಾರ್ ಮಾಡಿಕೊಟ್ಟರು. ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಅಂತ ಅವರ ಹುದ್ದೆಯ ಪೂರ್ತಿ ಹೆಸರು. ತಾಲ್ಲೂಕಿಗೆ ಒಬ್ಬರು ಇರುತ್ತಾರೆ, ಗ್ರಾಮ ಪಂಚಾಯಿತಿಗಳಲ್ಲಿ ಅವರ ಕೆಳಗೆ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಎಷ್ಟೋ ಜನಕ್ಕೆ ಇವರು ಇದ್ದಾರೆ ಅಂತಲೇ ಗೊತ್ತಿಲ್ಲ, ಸೈಬರ್ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಬರುತ್ತಾರೆ. ಸಾರ್ ಒಂದು ಪೈಸೆ ಮುಟ್ಟಲಿಲ್ಲ. ಅವರಿಗೇ ಒಂದು ಕಾಲಿಗೆ ಪೋಲಿಯೊ, ಕ್ಯಾಲಿಪರ್ ಹಾಕಿಕೊಂಡೇ ಎದ್ದು ಬಂದು ಜೆರಾಕ್ಸ್ ಮೇಲೆ ನನ್ನ ಎಡಗೈ ಹೆಬ್ಬೆಟ್ಟು ಒತ್ತಿಸಿದರು.

ಬೋರ್ಡ್ ದಿನ ಅಂದರೆ ವೈಕಲ್ಯ ಅಳೆಯುವ ಡಾಕ್ಟರುಗಳು ಕೂರುವ ದಿನ, ವಾರದಲ್ಲಿ ಗೊತ್ತುಮಾಡಿದ ಒಂದು ದಿನ, ಜಿಲ್ಲೆಯ ದೊಡ್ಡಾಸ್ಪತ್ರೆಯಲ್ಲಿ. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಕಾರಿಡಾರಿನಲ್ಲಿ ಗಾಲಿಕುರ್ಚಿ, ಕೋಲು, ಮಗುವನ್ನು ಸೊಂಟದ ಮೇಲೆ ಹೊತ್ತ ತಾಯಂದಿರು. ಕೂರಲು ಬೆಂಚು ಸಾಲದು. ಅಷ್ಟಿದ್ದರೂ ಒಳಗಿನ ತಪಾಸಣೆಗೆ ನಾಲ್ಕು ಸ್ಟಾರ್ ಕೊಡುತ್ತೇನೆ ಅಂದರೆ ಕಾರಣವಿದೆ.

ಮೂಳೆ ಡಾಕ್ಟರು ಕೈಯನ್ನು ಬರೀ ನೋಡಿ ಅಂದಾಜಿಗೆ ಬರೆಯಲಿಲ್ಲ. ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ಇಟ್ಟು ಭುಜ, ಮೊಣಕೈ, ಮಣಿಕಟ್ಟು ಎಷ್ಟೆಷ್ಟು ಬಗ್ಗುತ್ತದೆ ಅಂತ ನೋಡಿದರು. ತಮ್ಮ ಕೈಗೆ ಎದುರಾಗಿ ತಳ್ಳಲು ಹೇಳಿ ಸ್ನಾಯುವಿನ ಬಲ ನೋಡಿದರು. ಆಮೇಲೆ ಹಿಡಿತ. ಬೀಗದ ಕೈ ಹಿಡಿ, ಚೆಂಡು ಹಿಡಿ, ಚೀಲ ಎತ್ತು. ಬೆರಳ ತುದಿ ಮುಟ್ಟಿ ಗೊತ್ತಾಗುತ್ತಾ ಅಂತ ಕೇಳಿದರು. ಜಡೆ ಹಾಕಿಕೊಳ್ಳಲು ಆಗುತ್ತಾ, ಕೈಯಲ್ಲಿ ಊಟ ಮಾಡುತ್ತೀರಾ, ಗುಂಡಿ ಹಾಕುತ್ತೀರಾ, ಲಾಡಿ ಕಟ್ಟುತ್ತೀರಾ, ಲೋಟ ಎತ್ತಿ ನೀರು ಕುಡಿಯುತ್ತೀರಾ, ಬರೆಯುತ್ತೀರಾ ಅಂತೆಲ್ಲ ಸಾಲಾಗಿ ಬಂತು. ಇವೆಲ್ಲ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲೇ ಇರುವ ಪ್ರಶ್ನೆಗಳು ಅಂತ ಆಮೇಲೆ ತಿಳಿಯಿತು. ತೋಳಿಗೆ ಅಂತ ಇಂಥ ಹತ್ತು ಕೆಲಸಗಳ ಪಟ್ಟಿ ಇದೆ, ಒಂದೊಂದಕ್ಕೆ 9 ಅಂಕ. ಪಟ್ಟಿ ಬರೆದವರು ಚಮಚದಲ್ಲಿ ಉಣ್ಣುವವರಲ್ಲ ಅನ್ನುವುದು ನನಗೆ ಬಹಳ ಇಷ್ಟವಾಯಿತು. ಜಡೆ, ಲಾಡಿ, ಶೌಚದ ನೀರು ಎಲ್ಲ ಅದರಲ್ಲಿದೆ.

ಕತ್ತರಿ ಇಲ್ಲ. ನಾನು ಬ್ಯಾಗಿನಲ್ಲಿ ನನ್ನ ಕತ್ತರಿ ತಗೊಂಡು ಹೋಗಿದ್ದೆ, ತೋರಿಸೋಣ ಅಂತ. ಡಾಕ್ಟರು ನಕ್ಕು, "ಅಮ್ಮಾ, ಕಸುಬು ಹೋಯ್ತು ಅಂತ ಅಳೆಯೋಕೆ ಇದರಲ್ಲಿ ಜಾಗ ಇಲ್ಲ, ಕೈ ಹೋಗಿದ್ದು ಎಷ್ಟು ಅಂತ ಮಾತ್ರ" ಅಂದರು. ಬೇಜಾರಾಗಲಿಲ್ಲ. ಉತ್ತರ ಕೊಟ್ಟರಲ್ಲ. ಆ ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕಿದ ನೇರ ಉತ್ತರಗಳಲ್ಲಿ ಅದೂ ಒಂದು. ಒಂದು ಸ್ಟಾರ್ ಕಡಿಮೆ ಮಾಡಿದ್ದು ಕೊನೆಯ ಪ್ರಶ್ನೆಗೆ. "ಸಾರ್, ಎಷ್ಟು ಬಂತು?" ಅಂದೆ. "ಆನ್‌ಲೈನ್‌ನಲ್ಲಿ ಬರುತ್ತೆ, ಹೋಗಿ" ಅಂದರು. ಪೆನ್ನು ಮುಚ್ಚಿ ಆಗಿತ್ತು. ಲೆಕ್ಕ ಅವರ ಮುಂದಿನ ಹಾಳೆಯಲ್ಲೇ ಇತ್ತು.

ತಪಾಸಣೆಗೆ ಮುಂಚಿನದೂ ಒಂದು ವಿಷಯ ಹೇಳಬೇಕು, ಏಕೆಂದರೆ ಕಾಯುವಾಗ ಇದು ಬಹಳ ಕೊರೆಯುತ್ತದೆ. ಫಿಸಿಯೊಥೆರಪಿಯವರು ರಬ್ಬರ್ ಚೆಂಡು ಕೊಟ್ಟು ದಿನಾ ಹಿಚುಕು ಅಂದಿದ್ದರು. ನೆಂಟರೊಬ್ಬರು ಬಂದು, "ಬೋರ್ಡ್ ಮುಗಿಯೋ ತನಕ ಚೆಂಡು ಮುಟ್ಟಬೇಡ ಕಣೆ, ಕೈ ಸರಿಹೋದ್ರೆ ಪರ್ಸೆಂಟು ಕಮ್ಮಿ ಆಗುತ್ತೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಚೆಂಡು ಬಿಡಲಿಲ್ಲ. ಆದರೆ ಪ್ರತಿ ಸಲ ಹಿಚುಕುವಾಗ ಒಂದೊಂದು ಪರ್ಸೆಂಟು ಕಳೆಯುತ್ತಿದೆಯಾ ಅನ್ನುವ ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಬೆರಳು ಸ್ವಲ್ಪ ಮಡಚಿಕೊಂಡ ದಿನ ಖುಷಿ ಪಡಬೇಕಾ ಬೇಡವಾ ಅಂತ ಗೊತ್ತಾಗದೆ ಒಲೆ ಮುಂದೆ ನಿಂತಿದ್ದೇನೆ. ಇಂಥ ಲೆಕ್ಕಕ್ಕೆ ಮನುಷ್ಯರನ್ನು ಇಳಿಸುವ ಸೇವೆಗೆ ಎಷ್ಟು ಸ್ಟಾರ್ ಕೊಡಬೇಕು, ನೀವೇ ಹೇಳಿ. ಡಾಕ್ಟರ ತಪ್ಪಲ್ಲ ಇದು. 40 ಅನ್ನುವ ಗೆರೆ ಎಲ್ಲಿರುತ್ತದೋ ಅಲ್ಲಿ ಈ ಲೆಕ್ಕವೂ ಇರುತ್ತದೆ.

ಗೆರೆಯ ವಿಷಯ ಗೊತ್ತಿಲ್ಲದವರಿಗೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯ ಪಟ್ಟಿಯಾಗಿದೆ. ಶೇ. 40 ಮುಟ್ಟಿದರೆ ಮಾತ್ರ ಹೆಚ್ಚಿನ ಸವಲತ್ತುಗಳ ಬಾಗಿಲು ತೆರೆಯುತ್ತದೆ. ಕರ್ನಾಟಕದಲ್ಲಿ ಶೇ. 40ರಿಂದ 74ರವರೆಗೆ ತಿಂಗಳಿಗೆ 800 ರೂಪಾಯಿ, 75 ಮತ್ತು ಮೇಲೆ 1,400. ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆಯವರಿಗೆ 75ರ ಮೇಲಾದರೆ 2,000. ಅಂದರೆ 39ಕ್ಕೂ 40ಕ್ಕೂ ನಡುವೆ 800 ರೂಪಾಯಿ, 74ಕ್ಕೂ 75ಕ್ಕೂ ನಡುವೆ 600. 41ಕ್ಕೂ 73ಕ್ಕೂ ನಡುವೆ ಏನೂ ಇಲ್ಲ. ಬಸ್ ಪಾಸ್ ಕೂಡ ಇದೆ, ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ಮನೆಯಿಂದ 100 ಕಿಲೋಮೀಟರ್. ಆದರೆ 2023ರ ಜೂನಿನಿಂದ ಹೆಂಗಸರಿಗೆಲ್ಲ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ಹಾಗಾಗಿ ನನಗೆ ಅದರಿಂದ ಲಾಭವಿಲ್ಲ. ಗಂಡಸರು ಮರೆಯದೆ ಮಾಡಿಸಿಕೊಳ್ಳಿ.

ನನಗೆ ಬರಬೇಕಿದ್ದದ್ದು ಆ 800. ನಮ್ಮ ಊರಿನ ರೇಟಿನಲ್ಲಿ ಎರಡು ಲೈನಿಂಗ್ ಬ್ಲೌಸಿನ ಕೂಲಿ. ದೊಡ್ಡ ದುಡ್ಡಲ್ಲ ಅನ್ನುವವರಿಗೆ ನಾನೇನೂ ಹೇಳುವುದಿಲ್ಲ. ಕಟಿಂಗ್ ಹುಡುಗಿಗೆ ಕೊಡುವುದರಲ್ಲಿ ಅಷ್ಟಾದರೂ ಹುಟ್ಟಿಕೊಳ್ಳುತ್ತಿತ್ತು.

ಆಸ್ಪತ್ರೆ ಗೇಟಿನ ಎದುರು ಜೆರಾಕ್ಸ್ ಅಂಗಡಿ ಹತ್ತಿರ ಒಬ್ಬ ನಿಂತಿರುತ್ತಾನೆ. ಕೈ ನೋಡಿದವನೇ "ಅಕ್ಕಾ, ಎಪ್ಪತ್ತೈದು ಮಾಡಿಸಿಕೊಡ್ಲಾ?" ಅಂದ. ಅವನ ಬಗ್ಗೆ ಇಷ್ಟೇ ಹೇಳುತ್ತೇನೆ: ಆ ಇಡೀ ಆವರಣದಲ್ಲಿ ಅಂಕಿಯ ಬಗ್ಗೆ ಬಾಯಿಬಿಟ್ಟು ಮಾತಾಡಿದವನು ಅವನೊಬ್ಬನೇ. ಜನ ಯಾಕೆ ಅಲ್ಲಿ ನಿಲ್ಲುತ್ತಾರೆ ಅಂತ ಅವತ್ತು ಅರ್ಥವಾಯಿತು.

ಇನ್ನು ಕಾಯುವಿಕೆ. ಬೋರ್ಡ್ ಆಗಿದ್ದು ಮಳೆ ಹಿಡಿದ ಹೊತ್ತಿನಲ್ಲಿ. ಸರ್ಟಿಫಿಕೇಟ್ ಕೊಡಲು 2017ರ ನಿಯಮದಲ್ಲಿ ಒಂದು ತಿಂಗಳು ಅಂತಿತ್ತು, 2024ರ ಅಕ್ಟೋಬರಿನಲ್ಲಿ ತಿದ್ದುಪಡಿ ತಂದು ಮೂರು ತಿಂಗಳು ಮಾಡಿದರು. ಮೂರು ತಿಂಗಳು ಅಂದರೆ ನನ್ನ ಕ್ಯಾಲೆಂಡರಿನಲ್ಲಿ ವರಮಹಾಲಕ್ಷ್ಮಿ, ಗೌರಿ ಹಬ್ಬ ಮುಗಿದು ದಸರಾ ಬ್ಲೌಸ್ ರಾಶಿ ಬೀಳುವ ಕಾಲ. ರಾಶಿ ಬಿತ್ತು. ಸರ್ಟಿಫಿಕೇಟ್ ಬರಲಿಲ್ಲ.

ನೋಂದಣಿ ಸಂಖ್ಯೆ ಹಾಕಿದರೆ ಸ್ಟೇಟಸ್ ನೋಡಬಹುದು. ಇದು ಒಳ್ಳೆಯ ಸೌಲಭ್ಯ, ಹಿಂದೆ ಕಾಗದದ ಅರ್ಜಿ ಎಲ್ಲಿ ಬಿದ್ದಿದೆ ಅಂತ ಕೇಳಲು ಬಸ್ ಹತ್ತಬೇಕಿತ್ತು. ಆದರೆ ಸ್ಟೇಟಸ್ ಬದಲಾಗಬೇಕಾದರೆ ಆಸ್ಪತ್ರೆಯಲ್ಲಿ ಯಾರೋ ಒಬ್ಬರು ಕೂತು ಡಾಕ್ಟರ ಹಾಳೆಯನ್ನು ಕಂಪ್ಯೂಟರಿಗೆ ಏರಿಸಬೇಕು, ಮೇಲಿನವರು ಒಪ್ಪಿಗೆ ಒತ್ತಬೇಕು. ನಾನು ಹೋದ ಆಸ್ಪತ್ರೆಯಲ್ಲಿ ಆ ಏರಿಸುವ ಕೆಲಸಕ್ಕೆ ಇದ್ದವನು ಒಬ್ಬ ಹುಡುಗ, ಅವನಿಗೇ ಬೇರೆ ವಿಭಾಗದ ಕೆಲಸವೂ ಇತ್ತು. ಇದನ್ನು ನನಗೆ ಹೇಳಿದವರು ಆಸ್ಪತ್ರೆಯವರಲ್ಲ, ಎಂಆರ್‌ಡಬ್ಲ್ಯು ಸಾರ್. ಆಸ್ಪತ್ರೆಗೆ ಫೋನ್ ಮಾಡಿದರೆ "ಪ್ರೊಸೆಸ್‌ನಲ್ಲಿದೆ" ಅನ್ನುತ್ತಿದ್ದರು. ಯಾರ ಮೇಜಿನ ಮೇಲಿದೆ ಅಂದರೆ, ಪ್ರೊಸೆಸ್‌ನಲ್ಲಿದೆ. ಏನಾದರೂ ಕಾಗದ ಕಮ್ಮಿ ಇದೆಯಾ ಅಂದರೆ, ಪ್ರೊಸೆಸ್‌ನಲ್ಲಿದೆ ಮೇಡಂ.

ತಡವಾಗಿದ್ದಕ್ಕೆ ನಾನು ಸ್ಟಾರ್ ಕಡಿಮೆ ಮಾಡಿಲ್ಲ. ಒಬ್ಬ ಹುಡುಗ, ಅಷ್ಟು ಜನ, ತಡ ಆಗುತ್ತದೆ. ನನ್ನ ಅಂಗಡಿಯಲ್ಲೂ ಹಬ್ಬಕ್ಕೆ ತಡ ಆಗುತ್ತದೆ. ಆದರೆ ಗಿರಾಕಿ ಬಂದು ಕೇಳಿದರೆ "ಕಟಿಂಗ್ ಆಗಿದೆ ಅಕ್ಕ, ಹೆಮ್ಮಿಂಗ್ ಬಾಕಿ, ಶುಕ್ರವಾರ ಬನ್ನಿ" ಅನ್ನುತ್ತೇನೆ. ಶುಕ್ರವಾರ ಆಗದಿದ್ದರೆ ಬೈಸಿಕೊಳ್ಳುತ್ತೇನೆ. ಇಲ್ಲಿ ಬೈಸಿಕೊಳ್ಳಲೂ ಯಾರಿಲ್ಲ. ಯಾವ ಹಂತದಲ್ಲಿ ನಿಂತಿದೆ ಅಂತ ಒಂದು ಮಾತು ಹೇಳಲು ಕಂಪ್ಯೂಟರೂ ಬೇಡ, ಬಜೆಟ್ಟೂ ಬೇಡ.

ಮನೆಯಲ್ಲಿ ಅಷ್ಟರಲ್ಲಿ ಬೇರೆ ಮಾತು ಶುರುವಾಗಿತ್ತು. ಪಕ್ಕದ ಮನೆಯವರು ನಮ್ಮ ಅತ್ತೆ ಹತ್ತಿರ, "ಅಂಗವಿಕಲೆ ಅಂತ ಸರ್ಕಾರದಲ್ಲಿ ಬರೆಸಿಕೊಂಡ್ರೆ ನಾಳೆ ಮೊಮ್ಮಗಳಿಗೆ ಗಂಡು ನೋಡುವಾಗ ತೊಂದರೆ ಆಗಲ್ವಾ?" ಅಂದಿದ್ದರಂತೆ. ನಮ್ಮ ಅತ್ತೆ ಬಾಯಿ ಜೋರು. "ಕೈ ಮುರಿದಿದ್ದು ಊರಿಗೆಲ್ಲ ಕಾಣುತ್ತೆ, ಕಾಗದದಲ್ಲಿದ್ರೆ ಮಾತ್ರ ಕಾಣೋದಾ?" ಅಂತ ಅಲ್ಲೇ ಝಾಡಿಸಿದ್ದಾರೆ. ಅತ್ತೆಗೆ ಐದಕ್ಕೆ ಐದು. ಗಂಡನಿಗೆ ಮೂರು, ಏಕೆಂದರೆ ದಿನಾ ಬೆಳಗ್ಗೆ "ಸ್ಟೇಟಸ್ ನೋಡಿದ್ಯಾ" ಅಂತ ಕೇಳುವುದು ಬಿಟ್ಟರೆ ಬೇರೇನೂ ಮಾಡಲಿಲ್ಲ.

ಕಾಯುವ ದಿನಗಳಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಎಂಆರ್‌ಡಬ್ಲ್ಯು ಸಾರ್ ಹೇಳಿಕೊಟ್ಟ ಒಂದು ಲೆಕ್ಕ. ಅದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ, ಯಾರಿಗಾದರೂ ಬೇಕಾಗಬಹುದು. ನಾನು ಮನಸ್ಸಿನಲ್ಲಿ ಭುಜಕ್ಕೆ ಇಷ್ಟು, ಬೆರಳಿಗೆ ಇಷ್ಟು ಅಂತ ಕೂಡಿಸಿ ಎಪ್ಪತ್ತರ ಹತ್ತಿರ ಹೋಗಿಬಿಟ್ಟಿದ್ದೆ. ಸಾರ್ ಅಂದರು, "ಹಾಗೆ ಕೂಡಿಸಲ್ಲಮ್ಮ." ತೋಳಿಗೆ ಒಂದು ಅಂಕಿ ಬರುತ್ತದೆ, ಹಸ್ತಕ್ಕೆ ಒಂದು. ಎರಡಕ್ಕೂ ಗರಿಷ್ಠ 90. ದೊಡ್ಡ ಅಂಕಿಯನ್ನು ಹಾಗೇ ಇಟ್ಟುಕೊಳ್ಳಬೇಕು. 90ರಲ್ಲಿ ಅದನ್ನು ಕಳೆದು, ಉಳಿದದ್ದರಿಂದ ಸಣ್ಣ ಅಂಕಿಯನ್ನು ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸಬೇಕು. ತೋಳಿಗೆ 36, ಹಸ್ತಕ್ಕೆ 25 ಬಂತು ಅಂತ ಇಟ್ಟುಕೊಳ್ಳಿ. 90ರಲ್ಲಿ 36 ಹೋದರೆ 54. 25ನ್ನು 54ರಿಂದ ಗುಣಿಸಿದರೆ 1,350, ಅದನ್ನು 90ರಿಂದ ಭಾಗಿಸಿದರೆ 15. ಒಟ್ಟು 51. ಸಾದಾ ಕೂಡಿಸಿದ್ದರೆ 61 ಆಗುತ್ತಿತ್ತು. ಒಂದು ಭಾಗ ಹೋದ ಮೇಲೆ ಉಳಿದದ್ದರಲ್ಲಿ ಎರಡನೆಯದು ಎಷ್ಟು ಕಡಿಮೆಯಾಯಿತು ಅಂತ ನೋಡುವುದು, ಅದಕ್ಕೇ ಹೀಗೆ.

ಕೇಳಿ ಮೊದಲು ಎದೆ ಧಸಕ್ಕೆಂದಿತು, 75ರ ಆಸೆ ಅಲ್ಲಿಗೆ ಮುಗಿಯಿತು. ಆದರೆ ಅವತ್ತು ರಾತ್ರಿ ನಿದ್ದೆ ಬಂತು. 40 ದಾಟುವುದು ಹೆಚ್ಚುಕಡಿಮೆ ಖಚಿತ ಅಂತ ಸಾರ್ ಹೇಳಿದ್ದರು, ಅಷ್ಟು ಗೊತ್ತಾದರೆ ಸಾಕಾಗಿತ್ತು. ಜೆರಾಕ್ಸ್ ಅಂಗಡಿ ಹತ್ತಿರ ನಿಂತಿದ್ದವನ ಮಾತಿಗೆ ಬೆಲೆ ಬರುವುದು ಈ ಲೆಕ್ಕ ಜನಕ್ಕೆ ಗೊತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ. ಆಸ್ಪತ್ರೆಯ ಗೋಡೆ ಮೇಲೆ ಇದನ್ನು ಕನ್ನಡದಲ್ಲಿ ಬರೆದು ಅಂಟಿಸಿದರೆ ಎಷ್ಟು ಖರ್ಚಾಗುತ್ತದೆ?

ದೀಪಾವಳಿ ಗಲಾಟೆ ಮುಗಿದ ಮೇಲೆ ಮೆಸೇಜ್ ಬಂತು. ಶೇ. 48. ಪಿಡಿಎಫ್ ಇಳಿಸಿಕೊಂಡು ಪ್ರಿಂಟ್ ಹಾಕಿಸಿದೆ, ಕಾರ್ಡು ಆಮೇಲೆ ಅಂಚೆಯಲ್ಲಿ ಬಂತು. ನನ್ನದು ಹಳದಿ. 40ಕ್ಕಿಂತ ಕೆಳಗಿನವರಿಗೆ ಬಿಳಿ, 80ರಿಂದ ಮೇಲಿನವರಿಗೆ ನೀಲಿ. ಕೆಎ ಅಂತ ಶುರುವಾಗುವ 18 ಅಕ್ಷರ-ಅಂಕಿಗಳ ಒಂದು ಸಂಖ್ಯೆ ಇದೆ, ದೇಶದಲ್ಲಿ ಎಲ್ಲಿ ಹೋದರೂ ಅದೇ ನಡೆಯುತ್ತದೆ. ಕಾರ್ಡಿನ ಗುಣಮಟ್ಟ ಚೆನ್ನಾಗಿದೆ, ಹೊಲಿಗೆ ಮಷಿನ್ ಡ್ರಾಯರಿನಲ್ಲಿ ಎಣ್ಣೆ ಡಬ್ಬಿ ಪಕ್ಕ ಇಟ್ಟರೂ ಏನೂ ಆಗಿಲ್ಲ.

ಸರ್ಟಿಫಿಕೇಟಿನ ಬಗ್ಗೆ ನನ್ನ ತಕರಾರು ಒಂದಿದೆ. ಒಟ್ಟು 48 ಅಂತ ಇದೆ. ತೋಳಿಗೆ ಎಷ್ಟು, ಹಸ್ತಕ್ಕೆ ಎಷ್ಟು ಅಂತ ಇಲ್ಲ. ಒಂದು ಬ್ಲೌಸಿನ ಬಿಲ್ ಬರೆದರೂ ಹೊಲಿಗೆ ಇಷ್ಟು, ಲೈನಿಂಗ್ ಇಷ್ಟು, ಹುಕ್ಕಿಗೆ ಇಷ್ಟು ಅಂತ ಬಿಡಿಸಿ ಬರೆಯುತ್ತೇವೆ. ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಮೇಲ್ಮನವಿ ಹಾಕುವ ಹಕ್ಕಿದೆ. ಆದರೆ ಯಾವುದು ತಪ್ಪು ಅಂತ ಹೇಳಲು ಬಿಡಿ ಅಂಕಿ ಕೈಯಲ್ಲಿರಬೇಕಲ್ಲ. ನಾನು ಮೇಲ್ಮನವಿ ಹಾಕುತ್ತಿಲ್ಲ. 48 ಸರಿ ಅನಿಸುತ್ತದೆ, ತಪ್ಪಿದ್ದರೂ 58 ಆದರೆ ಅದೇ 800. ಆದರೆ 38 ಬಂದವರ ಕಥೆ ಯೋಚಿಸಿ. ಬೋರ್ಡ್ ದಿನ ನನ್ನ ಪಕ್ಕ ಕೂತಿದ್ದ ಗಾರೆ ಕೆಲಸದ ಅಣ್ಣನಿಗೆ ಹಾಗೇ ಆಗಿದೆ, ಫೋನ್ ಮಾಡಿ ಕೇಳಿದ, ಸಾರ್ ನಂಬರ್ ಕೊಟ್ಟಿದ್ದೇನೆ.

ನನ್ನ ಸರ್ಟಿಫಿಕೇಟ್ ತಾತ್ಕಾಲಿಕ, ಐದು ವರ್ಷಕ್ಕೆ. ನರ ಸುಧಾರಿಸಬಹುದು ಅಂತ. ಚೆಂಡು ಹಿಚುಕುತ್ತಲೇ ಇದ್ದೇನೆ, ಐದು ವರ್ಷದ ಮೇಲೆ ಮತ್ತೆ ಅದೇ ಬೆಂಚು.

ವೇತನದ ಅರ್ಜಿ ನಾಡಕಚೇರಿಯಲ್ಲಿ ಕೊಟ್ಟಾಗಿದೆ. ಯುಡಿಐಡಿ ಬಂದರೆ ವೇತನ ತಾನಾಗೇ ಬರುತ್ತದೆ ಅಂತ ಕೆಲವರು ತಿಳಿದಿದ್ದಾರೆ, ಬರುವುದಿಲ್ಲ, ಅದು ಕಂದಾಯ ಇಲಾಖೆಯ ಬೇರೆ ಅರ್ಜಿ. ಕುಟುಂಬದ ವರ್ಷದ ಆದಾಯ 32,000 ರೂಪಾಯಿಯೊಳಗೆ ಇರಬೇಕು. ತಿಂಗಳಿಗೆ 2,700 ಕೂಡ ಇಲ್ಲದ ಮನೆ ಹೇಗೆ ನಡೆಯುತ್ತದೆ ಅಂತ ಆ ಮಿತಿ ಇಟ್ಟವರು ಒಂದು ತಿಂಗಳು ನಡೆಸಿ ತೋರಿಸಲಿ. ಗ್ರಾಮ ಆಡಳಿತ ಅಧಿಕಾರಿ ಮನೆಗೆ ಬಂದು ನೋಡಿ ಹೋದರು, ಸೌಜನ್ಯದ ಮನುಷ್ಯ, ಕಾಫಿ ಕುಡಿಯಲಿಲ್ಲ. ಈ ಸಲ ನಾನು ಕೇಳಿದ ಮೊದಲ ಪ್ರಶ್ನೆಯೇ ಮುಂದಿನ ಮೇಜು ಯಾರದು ಅಂತ. ರೆವಿನ್ಯೂ ಇನ್‌ಸ್ಪೆಕ್ಟರ್, ಆಮೇಲೆ ತಹಶೀಲ್ದಾರರ ಕಡೆ ಅಂತ ಬಿಡಿಸಿ ಹೇಳಿದರು. ಬ್ಯಾಂಕಿನಲ್ಲಿ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಈಗಲೇ ನೋಡಿಕೊಳ್ಳಿ, ಮಂಜೂರಾದ ಮೇಲೂ ದುಡ್ಡು ಅಲ್ಲಿ ಸಿಕ್ಕಿಕೊಳ್ಳುವುದು ಇದೆ ಅಂತಲೂ ಅಂದರು. ಹೋಗಿ ನೋಡಿದರೆ ನನ್ನದು ಎಂದೋ ತೆಗೆದು ಮರೆತಿದ್ದ ಇನ್ನೊಂದು ಖಾತೆಗೆ ಜೋಡಣೆಯಾಗಿತ್ತು. ಬದಲಾಯಿಸಿಕೊಂಡು ಬಂದೆ. ನೀವು ಅರ್ಜಿ ಹಾಕುವ ಮುಂಚೆಯೇ ಈ ಕೆಲಸ ಮುಗಿಸಿ.

ನಾಡಕಚೇರಿಗೆ ಸ್ಟಾರ್ ಇನ್ನೂ ಕೊಟ್ಟಿಲ್ಲ. ಮೊದಲ 800 ಖಾತೆಗೆ ಬೀಳಲಿ, ಆಮೇಲೆ ಬರೆಯುತ್ತೇನೆ.